ಠಾಣೆಗೆ ಒಬ್ಬರೇ ಹೋಗಬೇಡಿ

ಗೂಳೂರಿನ ಸುತ್ತಮುತ್ತ ಯಾರಿಗಾದರೂ ಜಾತಿಯ ಹೆಸರಲ್ಲಿ ಹೊಡೆತ, ಬೈಗುಳ, ಬಹಿಷ್ಕಾರ ಆದರೆ ದಯವಿಟ್ಟು 'ಊರಲ್ಲೇ ರಾಜಿ ಮಾಡೋಣ' ಎನ್ನಬೇಡಿ. ಅವರ ಜೊತೆ ಠಾಣೆಗೆ ನಡೆಯಿರಿ. ಬಾಯಲ್ಲಿ ಹೇಳಿದ ದೂರನ್ನೂ ಪೊಲೀಸರು ಬರೆದುಕೊಂಡು, ಓದಿ ಹೇಳಿ, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಬೈದ ಮಾತು ಬಾಯಿಗೆ ತರಲು ಸಂಕಟವಾಗುತ್ತದೆ, ನಿಜ. ಆದರೂ ಅದನ್ನು ಇದ್ದ ಹಾಗೆಯೇ ಬರೆಸಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಸಹಾಯವಾಣಿ 14566.

ನನಗೆ ಹೆಚ್ಚು ಕಳವಳ ಆಮೇಲಿನ ವರ್ಷಗಳದು. ನಮ್ಮದೇ ತುಮಕೂರು ಜಿಲ್ಲೆಯ ಗೋಪಾಲಪುರದಲ್ಲಿ 2010ರಲ್ಲಿ ದಲಿತ ಮಹಿಳೆಯೊಬ್ಬರ ಕೊಲೆಯಾಯಿತು. 21 ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು 2024ರಲ್ಲಿ. ಅಷ್ಟು ಕಾಲ ಸಾಕ್ಷಿಗಳು ಅದೇ ಸೀಮೆಯಲ್ಲಿ ಬಾಳಬೇಕು, ಕೂಲಿ ಬಿಟ್ಟು ತುಮಕೂರಿನ ಕೋರ್ಟಿಗೆ ಅಲೆಯಬೇಕು. 1989ರ ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳಲ್ಲಿ ಬಸ್ ಖರ್ಚು, ಊಟದ ಭತ್ಯೆ, ಪರಿಹಾರ ಎಲ್ಲ ಇವೆ. 2015ರ ತಿದ್ದುಪಡಿಯಿಂದ ರಕ್ಷಣೆಯ ಹಕ್ಕೂ, ಸಮಾಜ ಕಾರ್ಯಕರ್ತರ ನೆರವು ಪಡೆಯುವ ಹಕ್ಕೂ ಸೇರಿವೆ. ಕೇಳಿ ಪಡೆಯಲು ಪಕ್ಕದಲ್ಲಿ ಒಬ್ಬರು ಬೇಕಷ್ಟೆ. ಊರಿನ ಶಿಕ್ಷಕರೋ, ಸ್ತ್ರೀಶಕ್ತಿ ಸಂಘದವರೋ ಆ ಒಬ್ಬರಾಗಬಹುದು. ವಕೀಲರ ಫೀಸಿನ ಚಿಂತೆ ಬೇಡ: ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.