ಮಲೆನಾಡಿನ ಸಂತೆಗೆ ಹೊರಟಿರಾ? ಮೊದಲು ವಾರ ಕೇಳಿಕೊಳ್ಳಿ

ಸಂತೆಯ ಮರುದಿನ ಬೆಳಿಗ್ಗೆ ನಮ್ಮ ಕಡೆಯ ಸಂತೆ ಮೈದಾನಗಳಲ್ಲಿ ಇರುವುದು ಎಲೆಕೋಸಿನ ಸಿಪ್ಪೆ, ಹರಿದ ಗೋಣಿಚೀಲ, ಅವುಗಳ ನಡುವೆ ಮೇಯುವ ನಾಲ್ಕಾರು ದನ, ಅಷ್ಟೆ. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಕಾರೊಂದು ಬಂದು ನಿಂತು, ಒಳಗಿದ್ದವರು ‘ಇಲ್ಲಿ ಸಂತೆ ಆಗುತ್ತೆ ಅಂದರಲ್ಲ, ಎಲ್ಲಿ?’ ಎಂದು ಕೇಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮುನ್ನೂರು ಕಿಲೋಮೀಟರ್ ಬಂದವರು ಮುಖ ಸಣ್ಣದು ಮಾಡಿಕೊಂಡು ಜಲಪಾತದ ದಾರಿ ಕೇಳುತ್ತಾರೆ. ಸರಿಯಾದ ದಿನವೇ ಬಂದವರೂ ಬೇರೆ ಬೇರೆ ರೀತಿಯಲ್ಲಿ ಎಡವುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಪೇಟೆಗಳನ್ನೂ ಸಂತೆಗಳನ್ನೂ ನೋಡಬೇಕೆನ್ನುವವರಿಗೆ ಈ ನಾಲ್ಕು ಮಾತು.

ಬಾಬಾ ಬುಡನ್ ಏಳು ಬೀಜ ತಂದ ಕತೆ, ಕಳಸೇಶ್ವರನ ಸ್ಥಳಪುರಾಣ, ಮೂಡಿಗೆರೆಯಲ್ಲಿ ತೇಜಸ್ವಿ ಬದುಕಿದ ತೋಟ, ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ. ಅವನ್ನು ಬಿಟ್ಟು ನೇರ ಕೆಲಸಕ್ಕೆ ಬರುತ್ತೇನೆ.

ವಾರ ಮತ್ತು ಹೊತ್ತು

ಸಂತೆಯ ವಾರ ಊರಿಂದೂರಿಗೆ ಬೇರೆ. ಒಂದೇ ವ್ಯಾಪಾರಿ ಇವತ್ತು ಒಂದು ಪೇಟೆಯಲ್ಲಿ ಟಾರ್ಪಾಲು ಕಟ್ಟಿದರೆ ನಾಳೆ ಇನ್ನೊಂದು ಪೇಟೆಯಲ್ಲಿ ಕಟ್ಟಬೇಕಲ್ಲ, ಅದಕ್ಕೇ ಈ ಏರ್ಪಾಡು. ಹಬ್ಬ, ಚುನಾವಣೆ, ಬಂದ್ ಬಂದರೆ ದಿನ ಒಂದು ಹಿಂದೆಯೋ ಮುಂದೆಯೋ ಆಗುವುದೂ ಉಂಟು. ಹೋಂಸ್ಟೇಯವರಿಗೆ ಫೋನು ಮಾಡಿದಾಗ ಎಲ್ಲರೂ ಮೊದಲು ಕೇಳುವುದು ಕ್ಯಾಂಪ್‌ಫೈರ್ ಇದೆಯೇ ಎಂದು. ನೀವು ಕೇಳಬೇಕಾದ್ದು ‘ನಿಮ್ಮಲ್ಲಿ ಸಂತೆ ಯಾವತ್ತು? ಈ ವಾರ ಆಗುತ್ತದೆಯೇ?’ ಎಂದು.

ಕಾಫಿ ತೋಟದ ಕೆಲಸಗಾರರಿಗೆ ಸಂತೆಯ ದಿನ ಅಂದರೆ ಏನೆಂಬುದೂ ಗೊತ್ತಿರಲಿ. ಇಲ್ಲಿನ ಹೆಚ್ಚಿನ ತೋಟಗಳಲ್ಲಿ ವಾರದ ರಜೆ ಎಂದರೆ ಹತ್ತಿರದ ಪೇಟೆಯ ಸಂತೆಯ ದಿನ. ಭಾನುವಾರಕ್ಕೂ ಅದಕ್ಕೂ ಸಂಬಂಧವಿಲ್ಲ. ತೋಟದ ಲೆಕ್ಕ ಬರೆಯುವ ರೈಟರು ಹಾಜರಿ ಪುಸ್ತಕ ನೋಡಿ ಬಟವಾಡೆ ಕೊಟ್ಟ ಮೇಲೆ ಕೆಲಸಗಾರರ ಲೈನ್ ಮನೆಗಳಿಂದ ಗಂಡಸರು, ಹೆಂಗಸರು, ಮಕ್ಕಳು ತೋಟದ ಪಿಕಪ್ಪಿನಲ್ಲೋ ಬಸ್ಸಿನಲ್ಲೋ ಪೇಟೆಗೆ ಇಳಿಯುತ್ತಾರೆ. ವಾರವಿಡೀ ಬೇಕಾಗುವ ಅಕ್ಕಿ, ಒಣಮೀನು, ಎಲೆಅಡಿಕೆ, ಮಗುವಿನ ಚಪ್ಪಲಿ, ಮೊಬೈಲಿನ ರೀಚಾರ್ಜು ಎಲ್ಲ ಆ ಐದಾರು ಗಂಟೆಗಳಲ್ಲೇ ಆಗಬೇಕು. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದ ಕುಟುಂಬಗಳೂ ಇವರ ಜೊತೆಗಿವೆ. ತರಕಾರಿ ಮಾರುವ ನಮ್ಮ ಹೆಂಗಸರು ಹಿಂದಿಯಲ್ಲಿ ಲೆಕ್ಕ ಹೇಳುವುದನ್ನು ಕಲಿತಿದ್ದಾರೆ.

ಹಾಗಾಗಿ ಬೆಳಿಗ್ಗೆ ಒಂಬತ್ತರೊಳಗೆ ಬನ್ನಿ. ಸರಕು ತಾಜಾ ಇರುತ್ತದೆ, ಮಾರುವವರಿಗೂ ನಿಮ್ಮ ಪ್ರಶ್ನೆಗೆ ಉತ್ತರಿಸಲು ಪುರುಸೊತ್ತಿರುತ್ತದೆ. ಹನ್ನೊಂದರಿಂದ ಎರಡರವರೆಗೆ ಜನಜಂಗುಳಿ. ಆ ಹೊತ್ತಿನಲ್ಲಿ ಗಲ್ಲಿಯ ನಡುವೆ ನಿಂತು ಫೋಟೊ ತೆಗೆಯುವುದೆಂದರೆ, ಒಂದೇ ದಿನ ರಜೆ ಇರುವವರ ದಾರಿಗೆ ಅಡ್ಡ ನಿಂತಂತೆ. ಸಂಜೆ ನಾಲ್ಕರ ಮೇಲೆ ದರ ಇಳಿಯುತ್ತದೆ, ಸೊಪ್ಪೂ ಬಾಡಿರುತ್ತದೆ.

ಕಾರನ್ನು ಪೇಟೆಯ ಅಂಚಿನಲ್ಲೇ ಬಿಟ್ಟು ನಡೆಯಿರಿ. ಕೈಚೀಲ ಎರಡಿರಲಿ. ಹತ್ತು, ಇಪ್ಪತ್ತು, ಐವತ್ತರ ನೋಟುಗಳಿರಲಿ. ಕ್ಯೂಆರ್ ಕೋಡ್ ಈಗ ಎಲ್ಲ ಕಡೆ ನೇತಾಡುತ್ತಿದೆ ನಿಜ, ಆದರೆ ಸಿಗ್ನಲ್ ಕೈಕೊಟ್ಟಾಗ ನಲವತ್ತು ರೂಪಾಯಿಗಾಗಿ ಕಾಲು ಗಂಟೆ ಮೊಬೈಲು ಎತ್ತಿ ಹಿಡಿದು ನಿಲ್ಲಬೇಕಾಗುತ್ತದೆ.

ಒಂದು ಸುತ್ತು ಸುಮ್ಮನೆ

ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬೇಡಿ. ಟಾರ್ಪಾಲಿನ ಕೆಳಗೆ ಬೆಟ್ಟದಂತೆ ತರಕಾರಿ ಪೇರಿಸಿದವರು ಬಯಲುಸೀಮೆಯಿಂದ ಲಾರಿಯಲ್ಲಿ ತಂದವರು. ನಿಮ್ಮ ಬಡಾವಣೆಯ ಅಂಗಡಿಯಲ್ಲಿ ಸಿಗುವುದೂ ಅದೇ ಸರಕು. ಹುಡುಕಬೇಕಾದ್ದು ಅಂಚಿನಲ್ಲಿ ಗೋಣಿ ಹಾಸಿ ಕೂತವರನ್ನು. ಅವರ ಮುಂದೆ ಇರುವುದೇ ಸ್ವಲ್ಪ: ಎರಡು ಗೊನೆ ಬಾಳೆ, ಒಂದು ಬುಟ್ಟಿ ಗಜನಿಂಬೆ, ಕೆಸುವಿನ ದಂಟಿನ ಕಟ್ಟು, ಮಾವಿನ ಮಿಡಿ, ಮಳೆಗಾಲವಾದರೆ ಕಳಲೆ. ತೂಕವಿಲ್ಲ, ಗುಡ್ಡೆಯ ಲೆಕ್ಕ. ‘ಗುಡ್ಡೆಗೆ ಎಷ್ಟಮ್ಮ?’ ಎಂದು ಕೇಳಿ, ಒಪ್ಪಿಗೆಯಾದರೆ ತೆಗೆದುಕೊಳ್ಳಿ. ಮೂರು ಗುಡ್ಡೆ ಕೊಂಡರೆ ಅವರೇ ಒಂದು ಹಿಡಿ ಸೇರಿಸಿ ಹಾಕುತ್ತಾರೆ. ಇಡೀ ಬುಟ್ಟಿ ಖಾಲಿಯಾದರೂ ಇನ್ನೂರು ರೂಪಾಯಿ ಹುಟ್ಟದ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವುದು ನನಗೆ ಸರಿಕಾಣುವುದಿಲ್ಲ. ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ. ಬೇಡ ಎಂದರೆ ಅದು ಬೇಡವೇ.

ಕಳಲೆ ಕೊಂಡವರಿಗೆ ಒಂದು ಎಚ್ಚರಿಕೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿದೆ. ಮಲೆನಾಡಿನ ಮನೆಗಳಲ್ಲಿ ಸಿಪ್ಪೆ ಬಿಡಿಸಿ, ತೆಳುವಾಗಿ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಹಾಕಿ, ಆಮೇಲೆ ಬೇಯಿಸುತ್ತಾರೆ. ನಮ್ಮ ನೆಂಟರೊಬ್ಬರು ಸಂತೆಯಿಂದ ಒಯ್ದದ್ದನ್ನು ಅದೇ ರಾತ್ರಿ ಪಲ್ಯ ಮಾಡಿ ತಿಂದು, ಬೆಳಗಿನವರೆಗೂ ವಾಂತಿ ಮಾಡಿಕೊಂಡರು. ಮಾರುವವರು ಇದನ್ನು ಹೇಳುವುದಿಲ್ಲ. ಗೊತ್ತಿಲ್ಲದವರೂ ಇರುತ್ತಾರೆಂಬುದು ಅವರ ಮನಸ್ಸಿಗೆ ಬರುವುದೇ ಇಲ್ಲ. ಕಾಡಿನ ಅಣಬೆಯನ್ನಂತೂ, ಅದನ್ನು ಗುರುತಿಸಬಲ್ಲ ಸ್ಥಳೀಯರು ಜೊತೆಗಿಲ್ಲದಿದ್ದರೆ ಮುಟ್ಟಲೇಬೇಡಿ.

ಕಾಫಿ ಸಂತೆಯಲ್ಲಿಲ್ಲ

ಹೆಚ್ಚಿನವರು ಮೋಸಹೋಗುವುದು ಇಲ್ಲಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಕಾಫಿ ನಾಡಿನ ಸಂತೆಯಲ್ಲಿ ಕಾಫಿ ಹುಡುಕಬೇಡಿ. ಬೆಳೆಗಾರರ ಕಾಫಿ ಹೋಗುವುದು ವ್ಯಾಪಾರಿಗಳಿಗೆ, ಐವತ್ತು ಕಿಲೋ ಚೀಲದ ಲೆಕ್ಕದಲ್ಲಿ. ಪೇಟೆಯ ಬೀದಿಯಲ್ಲಿ ‘ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ’ ಎಂದು ಅಂದಿನ ದರ ಬರೆದ ಹಲಗೆ ಕಂಡರೆ ಅದು ಅಂಥವರ ಅಂಗಡಿ. 1996ರಲ್ಲಿ, ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಪೂಲಿಂಗ್ ಪದ್ಧತಿ ಪೂರ್ತಿ ಕೊನೆಗೊಂಡು ಮುಕ್ತ ಮಾರಾಟ ಬಂದ ಮೇಲಿನ ಬದುಕು ಇದು. ಆ ಹಲಗೆಯಲ್ಲಿರುವುದು ಹುರಿಯದ ಸರಕಿನ ದರ. ಅದನ್ನು ನೋಡಿ ಪುಡಿಯ ದರಕ್ಕೆ ವಾದ ಮಾಡಬೇಡಿ.

ನಿಮಗೆ ಬೇಕಾದ್ದು ಪುಡಿ ಅಂಗಡಿ. ಹುರಿಯುವ ಡ್ರಮ್ಮು, ಬೀಸುವ ಯಂತ್ರ ಕಣ್ಣೆದುರೇ ಇರುವ ಅಂಗಡಿಯನ್ನೇ ಹುಡುಕಿ. ಒಳಗೆ ಕಾಲಿಟ್ಟ ಕೂಡಲೇ ಮೂಗು ತುಂಬುವ ಘಮಕ್ಕೆ ಸೋತು ‘ಒಳ್ಳೇದು ಒಂದು ಕಿಲೋ ಕೊಡಿ’ ಎಂದುಬಿಡುವುದೇ ತಪ್ಪಿನ ಮೊದಲು. ‘ಒಳ್ಳೇದು’ ಎಂಬ ಹೆಸರಿನ ಕಾಫಿ ಇಲ್ಲ. ಅಂಗಡಿಯವರಿಗೆ ಮೂರು ಮಾತು ಹೇಳಬೇಕು: ಯಾವ ಬೀಜ, ಚಿಕೋರಿ ಎಷ್ಟು, ಯಾವುದರಲ್ಲಿ ಸೋಸುತ್ತೀರಿ.

ಅರೇಬಿಕಾಕ್ಕೆ ಪರಿಮಳ ಹೆಚ್ಚು, ಒಂದಿಷ್ಟು ಹುಳಿಯ ಎಳೆ ಇರುತ್ತದೆ. ರೊಬಸ್ಟಾ ಗಟ್ಟಿ, ಕಹಿ ಮುಂದು, ಕೆಫೀನೂ ಹೆಚ್ಚು. ಹಾಲು ಹಾಕಿ ಕುಡಿಯುವವರಿಗೆ ಎರಡನ್ನೂ ಬೆರೆಸಿದ್ದು ಒಗ್ಗುತ್ತದೆ. ಅಂಗಡಿಯವರು ಹೇಳುವ ‘ಪಿಬಿ’ (ಪೀಬೆರಿ) ಎಂದರೆ ಒಂದು ಹಣ್ಣಿನಲ್ಲಿ ಎರಡು ಚಪ್ಪಟೆ ಬೇಳೆಯ ಬದಲು ಒಂದೇ ಗುಂಡು ಬೀಜ ಇರುವಂಥದು. ಅದು ಎಲ್ಲ ಕಡೆ ಒಂದೇ ಹದದಲ್ಲಿ ಹುರಿದುಬರುತ್ತದೆ. ಹಾಗೆಂದು ಎಲ್ಲ ಪಿಬಿಯೂ ಶ್ರೇಷ್ಠವೆಂದುಕೊಳ್ಳಬೇಡಿ, ಬೀಜ ಹಳೆಯದಾದರೆ ಪಿಬಿಯೂ ಹಳೆಯದೇ.

ಇನ್ನು ಚಿಕೋರಿ. ಅದು ಒಂದು ಬೇರು. ಹುರಿದು ಪುಡಿ ಮಾಡಿ ಬೆರೆಸಿದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ವಿಷವಲ್ಲ, ಬೆರಕೆಯನ್ನು ಹೇಳಿ ಮಾರಿದರೆ ಮೋಸವೂ ಅಲ್ಲ. ನಮ್ಮ ಮನೆಯಲ್ಲೂ ನೂರಕ್ಕೆ ಹದಿನೈದು ಹಾಕಿಸುತ್ತೇವೆ. ಆದರೆ ಅದರ ಬೆಲೆ ಕಾಫಿಗಿಂತ ಬಹಳ ಕಡಿಮೆ. ನೀವು ಕೇಳದಿದ್ದರೆ ಎಷ್ಟು ಬಿದ್ದಿದೆಯೋ ತಿಳಿಯುವುದೇ ಇಲ್ಲ. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ಅಂದರೆ ಸುಮಾರು ಅರ್ಧ ಬೇರೇ ಇರುವ ಪುಡಿಯನ್ನೂ ಕಾನೂನುಬದ್ಧವಾಗಿಯೇ ಮಾರಬಹುದು. ರಸ್ತೆ ಬದಿಯಲ್ಲಿ ‘ಎಸ್ಟೇಟ್ ಕಾಫಿ’, ‘ಹೋಂ ಮೇಡ್’ ಎಂದು ಕೈಬರಹದ ಚೀಟಿ ಅಂಟಿಸಿದ ಕವರಿನ ಮೇಲೆ ಈ ಲೆಕ್ಕ ಇರುವುದಿಲ್ಲ. ಅಂಥದ್ದನ್ನು ಕೊಳ್ಳಬೇಡಿ.

ಒಮ್ಮೆ ಸ್ನೇಹಿತರೊಬ್ಬರು ಹಾಗೆ ಕೊಂಡ ಒಂದು ಕಿಲೋ ಪುಡಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ‘ನೂರಕ್ಕೆ ನೂರು ಪ್ಯೂರ್ ಅಂದಿದ್ದಾರೆ’ ಎಂದು ಖುಷಿಯಲ್ಲಿದ್ದರು. ಗಾಜಿನ ಲೋಟದ ತುಂಬ ತಣ್ಣೀರು ಇಟ್ಟು, ಮೇಲೆ ಅರ್ಧ ಚಮಚ ಪುಡಿ ಉದುರಿಸಿದೆ. ಕಾಫಿ ಪುಡಿ ಸ್ವಲ್ಪ ಹೊತ್ತು ತೇಲುತ್ತದೆ, ನೀರು ತಿಳಿಯಾಗಿಯೇ ಇರುತ್ತದೆ. ಚಿಕೋರಿ ಬೇಗ ಮುಳುಗುತ್ತದೆ, ಮುಳುಗುವಾಗ ಕಂದು ಬಣ್ಣದ ಎಳೆಗಳನ್ನು ಬಿಡುತ್ತ ಇಳಿಯುತ್ತದೆ. ಅವರ ಲೋಟದಲ್ಲಿ ನಿಮಿಷದೊಳಗೆ ಎಳೆಗಳೇ ಎಳೆಗಳು. ಈ ಪರೀಕ್ಷೆ ಪ್ರಮಾಣ ಹೇಳುವುದಿಲ್ಲ, ಚಿಕೋರಿ ಇದೆಯೋ ಇಲ್ಲವೋ ಎಂಬುದನ್ನಷ್ಟೇ ತೋರಿಸುತ್ತದೆ. ‘ಪ್ಯೂರ್’ ಎಂದು ಹೇಳಿ ಕೊಟ್ಟದ್ದಕ್ಕೆ ಅಷ್ಟು ಸಾಕು. ಡಿಕಾಕ್ಷನ್ ಕಪ್ಪಗೆ ಇಳಿದರೆ ಸ್ಟ್ರಾಂಗ್ ಎಂದು ನಂಬುವುದನ್ನು ದಯವಿಟ್ಟು ಬಿಡಿ. ಬರೀ ಕಾಫಿಯ ಡಿಕಾಕ್ಷನ್ ಚಿಕೋರಿಯದ್ದಕ್ಕಿಂತ ತೆಳ್ಳಗೇ ಇರುತ್ತದೆ.

ಬೀಜ ನೋಡಿ, ‘ಇವತ್ತು ಹುರಿದದ್ದೇ?’ ಎಂದು ಕೇಳಿ, ನಿಮ್ಮೆದುರೇ ಬೀಸಿಸಿ. ಫಿಲ್ಟರಿಗೆ ಎಂದು ಹೇಳಿದರೆ ಹದ ಅವರಿಗೆ ಗೊತ್ತಿರುತ್ತದೆ. ಯಂತ್ರದಿಂದ ಬಿಸಿಯಾಗಿ ಬಿದ್ದ ಪುಡಿಯನ್ನು ಒಡನೆಯೇ ಬಿಗಿಯಾಗಿ ಕಟ್ಟಿಸಬೇಡಿ, ಆರಲು ಬಿಡಿ. ಕಾಲು ಕಿಲೋಗಿಂತ ಹೆಚ್ಚು ಬೀಸಿಸುವುದು ವ್ಯರ್ಥ. ಎರಡು ವಾರ ಕಳೆದರೆ ಆ ಘಮ ಉಳಿದಿರುವುದಿಲ್ಲ. ಮನೆಯಲ್ಲಿ ಬೀಸುವ ಯಂತ್ರ ಇದ್ದವರು ಬೀಜವನ್ನೇ ಒಯ್ಯುವುದು ಉತ್ತಮ.

ಕಾಳುಮೆಣಸಿಗೂ ನೀರಿನ ಪರೀಕ್ಷೆ ನಡೆಯುತ್ತದೆ. ಪಪ್ಪಾಯಿ ಬೀಜ ಬೆರೆಸಿದ್ದರೆ ತೇಲುತ್ತದೆ. ಜೊಳ್ಳು ಮೆಣಸೂ ತೇಲುವುದರಿಂದ ತೇಲಿದ್ದನ್ನು ಒಡೆದು, ಮೂಸಿ ನೋಡಿ. ಜೇನಿಗೆ ಮಾತ್ರ ಮನೆಯಲ್ಲಿ ಮಾಡುವ ಯಾವ ಪರೀಕ್ಷೆಯನ್ನೂ ನಾನು ನಂಬುವುದಿಲ್ಲ. ಲೇಬಲ್ ಇಲ್ಲದ ಬಾಟಲಿ ಬೇಡ.

ತೋಟ, ದಾರಿ, ಮಳೆ

ಉಳಿದದ್ದು ಚುಟುಕಾಗಿ. ಕಾಫಿ ಹಣ್ಣು ಕೆಂಪಗಿದೆಯೆಂದು ಕಾರು ನಿಲ್ಲಿಸಿ ಬೇಲಿ ದಾಟಬೇಡಿ. ಕೊಯ್ಲಿನ ಕಾಲದಲ್ಲಿ ಕಾಫಿ ಕಳವು ಇಲ್ಲಿನ ದೊಡ್ಡ ತಲೆನೋವು, ಕಾವಲಿನವರು ನಿಮ್ಮನ್ನು ಪ್ರವಾಸಿಯೆಂದು ತಿಳಿಯಬೇಕಿಲ್ಲ. ಕಣದಲ್ಲಿ ಒಣಹಾಕಿದ ಕಾಫಿಯ ಮೇಲೆ ಚಪ್ಪಲಿ ಕಾಲಿಡಬೇಡಿ.

ಮೂಡಿಗೆರೆಯಿಂದ ಕಳಸಕ್ಕೆ ಕೊಟ್ಟಿಗೆಹಾರದ ಮೇಲೆ ಹೋಗುವವರು ಪೆಟ್ರೋಲನ್ನು ಮೊದಲೇ ತುಂಬಿಸಿಕೊಳ್ಳಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿ. ಮೊಬೈಲಿನ ಮ್ಯಾಪು ಹತ್ತಿರವೆಂದು ತೋರಿಸುವ ತೋಟದ ಕಚ್ಚಾ ದಾರಿಗೆ ಇಳಿಯಬೇಡಿ. ಕರಾವಳಿಯ ಕಡೆಗೆ ಇಳಿಯುವುದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ ಘಾಟಿಯ ಸ್ಥಿತಿ ವಿಚಾರಿಸಿಯೇ ಹೊರಡಿ. 2019ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡಗಳೇ ಕುಸಿದವು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗ ಮುಳುಗುತ್ತದೆ. ನೀರು ಮೊಣಕಾಲುದ್ದವೇ ಇದ್ದರೂ ಕಾರು ಇಳಿಸಬೇಡಿ. ಕಳಸದ ಹತ್ತಿರ ಅದೇ ಹೊಳೆಯ ಅಂಬಾತೀರ್ಥದ ಬಂಡೆಗಳ ನಡುವೆ ಈಜಲು ಇಳಿಯಬೇಡಿ. ಇಂಬಳ ಕಚ್ಚಿದರೆ ಹೆದರದೆ ಉಪ್ಪು ಹಾಕಿ. ಪ್ಲಾಸ್ಟಿಕ್ಕನ್ನು ನಿಮ್ಮೂರಿಗೇ ಒಯ್ಯಿರಿ.

ಕೊನೆಯದಾಗಿ ಒಂದು ವಿನಂತಿ. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಈ ಭಾಗದ ಎಷ್ಟೋ ಹಳ್ಳಿಗಳಿಗೆ ಬಸ್ಸು ಕಡಿಮೆಯಾಗಿದೆ. ಸಂತೆಯ ಸಂಜೆ, ವಾರದ ಚೀಲ ಹೊತ್ತವರೆಲ್ಲ ಹಳ್ಳಿಯ ಕೊನೆಯ ಬಸ್ಸಿಗೆ ಓಡುವ ಹೊತ್ತಿನಲ್ಲಿ ನಿಮ್ಮ ಕಾರು ನಿಲ್ದಾಣದ ಬಾಯಿಗೆ ಅಡ್ಡ ನಿಲ್ಲದಂತೆ ನೋಡಿಕೊಳ್ಳಿ. ಆ ಬಸ್ಸು ತಪ್ಪಿದರೆ ಅವರಿಗೆ ಇನ್ನೊಂದು ಬಸ್ಸಿಲ್ಲ.