ಶೀಟಿನ ಧೂಳು ಮನೆಗೂ ಬರುತ್ತದೆ

ಪ್ರಶ್ನೆ: ಡಾಕ್ಟ್ರೇ, ನಮ್ಮ ಯಜಮಾನರು 22 ವರ್ಷದಿಂದ ಆಸ್‌ಬೆಸ್ಟಾಸ್ ಸಿಮೆಂಟ್ ಶೀಟು ಹೊದಿಸುವ ಕೆಲಸ ಮಾಡುತ್ತಾರೆ. ಚನ್ನಗಿರಿಯ ಅಡಿಕೆ ಶೆಡ್ಡು, ಜಗಳೂರಿನ ಕುರಿ ದೊಡ್ಡಿ, ಎಲ್ಲಿ ಕರೆದರೂ ಹೋಗುತ್ತಾರೆ. ಆಸ್‌ಬೆಸ್ಟಾಸ್‌ನಿಂದ ಬರುವ ಅಪರೂಪದ ಕ್ಯಾನ್ಸರ್ ಗಂಡಸರಿಗೇ ಹೆಚ್ಚು ಅಂತ ಕೇಳಿದೆ. ಹಾಗಾದರೆ ನನಗೂ ಮಗಳಿಗೂ ಭಯವಿಲ್ಲವೇ?
— ಗೃಹಿಣಿ, ಹೊನ್ನಾಳಿ

ಉತ್ತರ: ತಾಯಿ, ನೀವು ಕೇಳಿದ್ದು ಸರಿ. ಆ ಕಾಯಿಲೆಯ ಹೆಸರು ಮೆಸೊಥೆಲಿಯೋಮ. ಶ್ವಾಸಕೋಶ ಸುತ್ತಿರುವ ತೆಳುಪೊರೆಗೆ, ಕೆಲವೊಮ್ಮೆ ಹೊಟ್ಟೆಯ ಒಳಪೊರೆಗೆ ಬರುತ್ತದೆ. ಬ್ರಿಟನ್ನಿನಲ್ಲಿ ಇದರಿಂದ ಸಾಯುವ ಐವರಲ್ಲಿ ಸುಮಾರು ನಾಲ್ವರು ಗಂಡಸರು. ಅಲ್ಲಿ ಹಡಗು ಕಟ್ಟಿದವರು, ಬಾಯ್ಲರ್ ಪೈಪಿಗೆ ಆಸ್‌ಬೆಸ್ಟಾಸ್ ಸುತ್ತಿದವರು ಗಂಡಸರೇ. ಧೂಳು ಕುಡಿದವರೂ ಅವರೇ. ಟರ್ಕಿಯ ಕಾರಾಯಿನ್ ಹಳ್ಳಿಯ ಕಥೆ ಬೇರೆ. ಅಲ್ಲಿ ಮನೆ ಕಟ್ಟುವ ಕಲ್ಲಿನಲ್ಲೇ ಎರಿಯೊನೈಟ್ ಎಂಬ, ಆಸ್‌ಬೆಸ್ಟಾಸ್‌ನಂತೆಯೇ ಎಳೆಎಳೆಯಾದ ಖನಿಜವಿತ್ತು. ಹುಟ್ಟಿದಂದಿನಿಂದ ಎಲ್ಲರೂ ಅದೇ ಗಾಳಿ ಉಸಿರಾಡಿದರು. ಕಾಯಿಲೆಯೂ ಗಂಡಸರು, ಹೆಂಗಸರಿಗೆ ಹೆಚ್ಚುಕಡಿಮೆ ಸಮನಾಗಿ ಬಂತು. ಅಂಡಾಶಯದ ಕ್ಯಾನ್ಸರಿಗೂ ಆಸ್‌ಬೆಸ್ಟಾಸ್ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ.

ಈಗ ನಾನೊಂದು ಕೇಳುತ್ತೇನೆ: ಯಜಮಾನರ ಬಟ್ಟೆ ಒಗೆಯುವವರು ಯಾರು? ಸಂಜೆ ಅವರ ಅಂಗಿಯ ಜೇಬು ತಿರುವಿ ನೋಡಿ, ಮೂಲೆಯಲ್ಲಿ ಬೂದಿಬಣ್ಣದ ಹಿಟ್ಟು ಕೂತಿರುತ್ತದೆ. ನೆನೆಹಾಕುವ ಮುಂಚೆ ಹಿತ್ತಲಲ್ಲಿ ಪಟಪಟ ಕೊಡವುತ್ತೀರಲ್ಲ, ನನ್ನ ಚಿಂತೆ ಅದೇ. ಗಂಡನ, ಅಪ್ಪನ ಕೆಲಸದ ಬಟ್ಟೆ ಒಗೆದೇ ಈ ರೋಗ ತಂದುಕೊಂಡ ಹೆಂಗಸರು ಹಲವು ದೇಶಗಳಲ್ಲಿದ್ದಾರೆ. ಧೂಳು ಹೊಕ್ಕ 20ರಿಂದ 50 ವರ್ಷದ ಮೇಲೆ ರೋಗ ಕಾಣಿಸುತ್ತದೆ. ಅದಕ್ಕೇ ಮಗಳ ಕೈಗೆ ಆ ಬಟ್ಟೆ ಕೊಡಲೇಬೇಡಿ.

ಗಾಬರಿ ಬೇಡ. ಧೂಳು ತಾಗಿದವರಲ್ಲೂ ಬಹುಪಾಲು ಜನರಿಗೆ ಇದು ಬರುವುದಿಲ್ಲ. ತಲೆ ಮೇಲಿರುವ ಗಟ್ಟಿ ಶೀಟೂ ಸುಮ್ಮನಿರುತ್ತದೆ; ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಎಳೆ ಹಾರುತ್ತದೆ. ಕಟಿಂಗ್ ಮಷೀನು ಬಿಟ್ಟು, ನೀರು ಚಿಮುಕಿಸುತ್ತ ಕೈಗರಗಸದಲ್ಲಿ ಕೊಯ್ಯಲಿ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು. ಬಟ್ಟೆ ಕೆಲಸದ ಜಾಗದಲ್ಲೇ ಬದಲಿಸಿ ಬರಲಿ. ಕೊಡವದೆ ನೇರ ಬಕೆಟ್ ನೀರಿಗೆ ಹಾಕಿ, ಬೇರೆಯಾಗಿ ಒಗೆಯಿರಿ. ಒಡೆದ ಚೂರು ಕುಟ್ಟಿ ಅಂಗಳದ ಗುಂಡಿ ತುಂಬಬೇಡಿ.

ಆಸ್‌ಬೆಸ್ಟಾಸ್ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಊರೂರು ತಿರುಗಿ ಶೀಟು ಹೊದಿಸುವವರ ದಾಖಲೆ ಇಡುವವರು ಯಾರು? ಇದು ನನ್ನನ್ನು ಕಾಡುತ್ತದೆ. ಯಾವ ವರ್ಷದಿಂದ, ಏನು ಕೆಲಸ ಎಂದು ನೀವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಯಾರಿಗಾದರೂ ಬಿಡದ ಎದೆನೋವು, ಏದುಸಿರು ಬಂದರೆ, ಶ್ವಾಸಕೋಶದ ಸುತ್ತ ನೀರು ತುಂಬಿದರೆ ಆ ನೋಟ್‌ಬುಕ್ಕನ್ನು ಡಾಕ್ಟರಿಗೆ ತೋರಿಸಿ. ನಮ್ಮ ಕಡೆ ಎದೆನೀರು ಎಂದರೆ ಮೊದಲು ಟಿ.ಬಿ. ಎಂದೇ ನೋಡುತ್ತೇವೆ, ಅದು ಸರಿಯೇ. ಚಿಕಿತ್ಸೆಗೆ ಬಗ್ಗದಿದ್ದರೆ ಪೊರೆಯ ಚೂರು ತೆಗೆದು ಪರೀಕ್ಷಿಸಬೇಕು.

ಪ್ರಶ್ನೆ: ನಾನೂ ಶೀಟು ಕೆಲಸದವನು. ಬೀಡಿ ಬಿಟ್ಟರೆ ಈ ಕ್ಯಾನ್ಸರ್ ತಪ್ಪುತ್ತದೆಯೇ ಸಾರ್?
— ಓದುಗ, ನ್ಯಾಮತಿ

ಉತ್ತರ: ಮೆಸೊಥೆಲಿಯೋಮಕ್ಕೂ ಬೀಡಿಗೂ ಸಂಬಂಧವಿಲ್ಲಪ್ಪ. ಆದರೆ ಈ ಧೂಳಿನ ಜೊತೆ ಬೀಡಿ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಇವತ್ತೇ ಬಿಡಿ.