ಸಂಬಳದಿಂದ ಸ್ವಂತ ವೃತ್ತಿಗೆ: ರಾಜೀನಾಮೆಗೆ ಮುನ್ನ ಮಾಡಬೇಕಾದ ಲೆಕ್ಕ

ಉದ್ಯೋಗವನ್ನರಸಿ ಮಹಾನಗರಗಳನ್ನು ಸೇರಿದ ಕನ್ನಡಿಗರಲ್ಲಿ ಎರಡು ಪಂಗಡಗಳನ್ನು ಕಾಣಬಹುದು. ಮುಂಬಯಿಯ ಮಾಟುಂಗ, ಫೋರ್ಟ್ ಭಾಗಗಳಲ್ಲಿ ಹೋಟೆಲುಗಳನ್ನು ಕಟ್ಟಿ ಬೆಳೆಸಿದ ಕರಾವಳಿಯ ಜನ ಒಂದು. ಬ್ಯಾಂಕು, ವಿಮೆ, ಕಾರ್ಖಾನೆ, ಸರಕಾರಿ ಕಚೇರಿಗಳ ತಿಂಗಳ ಸಂಬಳವನ್ನು ನೆಚ್ಚಿ ಸಂಸಾರ ಹೂಡಿದವರು ಇನ್ನೊಂದು. ಈ ಎರಡನೆಯವರ ಮಕ್ಕಳಲ್ಲಿ ಕೆಲವರು ಇಂದು ನಲವತ್ತರ ಆಸುಪಾಸಿನಲ್ಲಿ ದೊಡ್ಡ ಕಂಪನಿಯ ನೌಕರಿಯನ್ನು ಬಿಟ್ಟು ಸ್ವಂತ ವೃತ್ತಿಗೆ ಇಳಿಯಲು ಮನಸ್ಸು ಮಾಡುತ್ತಿದ್ದಾರೆ. ಅವರಿಗೆ ಧೈರ್ಯ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ; ಕಾಗದ, ಲೇಖನಿ ಹಿಡಿದು ಲೆಕ್ಕ ಹಾಕಿಕೊಡುವವರು ಅಪರೂಪ.

ಇಂಥ ಮಾತು ಬಂದಾಗ ತಪ್ಪದೆ ಕೇಳಿಬರುವ ಹೆಸರು ಇನ್ಫೋಸಿಸ್. 1981ರಲ್ಲಿ ಪುಣೆಯಲ್ಲಿ ನಾರಾಯಣ ಮೂರ್ತಿಯವರೂ ಆರು ಮಂದಿ ಜೊತೆಗಾರರೂ ಅದನ್ನು ಆರಂಭಿಸಿದುದು, ಪತ್ನಿ ಸುಧಾ ಮೂರ್ತಿಯವರು ಉಳಿತಾಯದಿಂದ 10,000 ರೂಪಾಯಿ ಕೊಟ್ಟುದು ಎಲ್ಲರಿಗೂ ತಿಳಿದ ಸಂಗತಿ. ಅದಕ್ಕೂ ಮೊದಲು ಮೂರ್ತಿಯವರು ಸಾಫ್ಟ್ರಾನಿಕ್ಸ್ ಎಂಬ ಸಂಸ್ಥೆಯನ್ನು ಕಟ್ಟಿ, ಅದು ನಡೆಯದೆ, ಮತ್ತೆ ನೌಕರಿಗೆ ಸೇರಿದ್ದರೆಂಬುದನ್ನು ಮಾತ್ರ ಹೆಚ್ಚಿನವರು ನೆನೆಯುವುದಿಲ್ಲ. ಹೊಸ ಕಂಪನಿಯ ಮೊದಲ ದಿನಗಳಲ್ಲಿ ಮನೆಗೆ ಪತ್ನಿಯ ಸಂಬಳ ಆಧಾರವಾಗಿತ್ತು. ಬಂಡವಾಳವಾಗಿ ಬಂದ ಹತ್ತು ಸಾವಿರಕ್ಕಿಂತ ತಿಂಗಳು ತಿಂಗಳೂ ಬರುತ್ತಿದ್ದ ಆ ಸಂಬಳವೇ ದೊಡ್ಡದೆಂದು ಲೆಕ್ಕ ಬಲ್ಲವರು ಹೇಳಿಯಾರು.

ಇನ್ನು ಲೆಕ್ಕಕ್ಕೆ ಬರೋಣ. ಕೈಗೆ 90,000 ರೂಪಾಯಿ ಸಂಬಳ ಬರುವ ಗೃಹಸ್ಥನೊಬ್ಬನಿಗೆ ಮನೆಖರ್ಚು 60,000, ಗೃಹಸಾಲದ ಕಂತು 22,000 ಎಂದಿಟ್ಟುಕೊಳ್ಳೋಣ. ಆತ ಏಪ್ರಿಲ್ 1ರಂದು ಸಲಹೆಗಾರನಾಗಿ ಕೆಲಸ ಆರಂಭಿಸಿ, ಏಪ್ರಿಲ್ 30ರಂದು 1,50,000 ರೂಪಾಯಿಯ ಬಿಲ್ಲು ಕಳಿಸುತ್ತಾನೆ. ಗಿರಾಕಿ 75 ದಿನಗಳ ನಂತರ ಹಣ ಕೊಟ್ಟರೆ ಅದು ಕೈ ಸೇರುವುದು ಜುಲೈ ಮಧ್ಯಕ್ಕೆ. ಅಷ್ಟರಲ್ಲಿ ಮೂರೂವರೆ ತಿಂಗಳ ಸಂಸಾರಕ್ಕೆ 2,87,000, ಕಚೇರಿಯ ಖರ್ಚು ತಿಂಗಳಿಗೆ 25,000ದಂತೆ 87,500, ಒಟ್ಟು 3,74,500 ರೂಪಾಯಿ ಕರಗಿರುತ್ತದೆ. ಇದು ಮೊದಲ ದಿನವೇ ಕೆಲಸ ಸಿಕ್ಕಿದವನ ಸ್ಥಿತಿ! ಪುಸ್ತಕದಲ್ಲಿ ಲಾಭ ಕಾಣುತ್ತಿರುತ್ತದೆ, ಪಾಸ್‌ಬುಕ್ಕಿನಲ್ಲಿ ಹಣವಿರುವುದಿಲ್ಲ. ಸಣ್ಣ ಉದ್ಯಮಗಳು ಹಲವು ಬಾರಿ ಮುಗ್ಗರಿಸುವುದು ಗಿರಾಕಿಗಳಿಲ್ಲದೆ ಅಲ್ಲ, ಗಿರಾಕಿಗಳಿಂದ ಬರಬೇಕಾದುದು ಬಾರದೆ.

ಇದಕ್ಕೆ ಕಾನೂನಿನ ಆಸರೆ ಉಂಟು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನಗಳನ್ನು ಮೀರಿ ತಡೆಯುವಂತಿಲ್ಲ. ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. 2020ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯನ್ನು ಮೊದಲೇ ಮಾಡಿಸಿಕೊಂಡು, ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸುವುದು ಲೇಸು. ಇದ್ದೊಬ್ಬ ಗಿರಾಕಿಯ ಮೇಲೆ ದಾವೆ ಹೂಡುವವರು ಯಾರು ಎಂಬ ಪ್ರಶ್ನೆ ಸಹಜವೇ. ಆದರೂ ಬಿಲ್ಲಿನ ಮೇಲಿನ ಆ ಸಂಖ್ಯೆಯನ್ನು ಕಂಪನಿಗಳ ಲೆಕ್ಕಪತ್ರ ವಿಭಾಗಗಳು ಗಮನಿಸುತ್ತವೆ.

ನೌಕರಿ ಬಿಡುವ ದಿನಾಂಕವನ್ನು ಭಾವಾವೇಶದಲ್ಲಿ ಗೊತ್ತುಮಾಡಬಾರದು. ಐದು ವರ್ಷಗಳ ನಿರಂತರ ಸೇವೆ ತುಂಬಿದ ಕಾಯಂ ನೌಕರನಿಗೆ ವರ್ಷಕ್ಕೆ 15 ದಿನಗಳ ವೇತನದಂತೆ ಗ್ರಾಚ್ಯುಯಿಟಿ ಸಲ್ಲುತ್ತದೆ. ತಿಂಗಳಿಗೆ 26 ದಿನಗಳೆಂದು ಲೆಕ್ಕ. ಕೊನೆಯ ಮೂಲ ವೇತನ 52,000, ಸೇವೆ 12 ವರ್ಷ ಆಗಿದ್ದರೆ 3,60,000 ರೂಪಾಯಿ. ಮೇಲಿನ ಮೂರೂವರೆ ತಿಂಗಳ ಖರ್ಚಿಗೆ ಅದೂ ಸಾಲದೆಂಬುದನ್ನು ಓದುಗರು ಗಮನಿಸಬಹುದು. ಭವಿಷ್ಯನಿಧಿಯನ್ನು ಮುಟ್ಟದಿರುವುದೇ ಒಳ್ಳೆಯದು. ಹತ್ತು ವರ್ಷಗಳ ಸೇವೆ ತುಂಬಿದರೆ 58ರ ವಯಸ್ಸಿನಲ್ಲಿ ಪಿಂಚಣಿಯ ಹಕ್ಕು ಬರುತ್ತದೆ.

ಆರೋಗ್ಯದ ವಿಷಯ ಇದಕ್ಕಿಂತ ಗಂಭೀರವಾದುದು. ಕಂಪನಿಯ ಸಾಮೂಹಿಕ ವಿಮೆ ನೌಕರಿಯೊಡನೆ ಮುಗಿಯುತ್ತದೆ. ಊರಿನಲ್ಲಿರುವ ತಂದೆತಾಯಿಗಳಿಗೆ ಅದರಲ್ಲಿದ್ದ ರಕ್ಷಣೆಯೂ ಹೋಗುತ್ತದೆ. ಮಧುಮೇಹ, ರಕ್ತದೊತ್ತಡಗಳಂಥ ಮೊದಲೇ ಇರುವ ರೋಗಗಳಿಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷಗಳವರೆಗೆ ಕಾಯಬೇಕಾಗಬಹುದು. ಆದುದರಿಂದ ನೌಕರಿಯಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ, ಕಾಯುವ ಅವಧಿ ಓಡುವಂತೆ ಮಾಡುವುದು ಜಾಣತನ. ಸಾಮೂಹಿಕ ಪಾಲಿಸಿಯಿಂದ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆಯನ್ನೂ ಕೇಳಬಹುದು. ಸ್ವಂತ ವೃತ್ತಿಯಲ್ಲಿ ಕಾಯಿಲೆ ರಜೆ ಎಂಬುದಿಲ್ಲ. ಜ್ವರ ಬಂದ ದಿನ ಆದಾಯಕ್ಕೂ ರಜೆ. ಮನೆಯ ಮೇಜಿನಲ್ಲೇ ರಾತ್ರಿ ಹನ್ನೊಂದರವರೆಗೆ ಕುಳಿತು, ಊಟದ ಹೊತ್ತು ತಪ್ಪಿಸಿ, ನಡಿಗೆ ಬಿಟ್ಟು, ವರ್ಷದೊಳಗೆ ರಕ್ತದೊತ್ತಡದ ಮಾತ್ರೆ ಹಿಡಿಯುವ ಸಂಭವ ಕಡಿಮೆಯೇನಲ್ಲ. ವಾರ್ಷಿಕ ತಪಾಸಣೆಗೆ ಕಳಿಸಲು ಈಗ ಕಂಪನಿ ಇರುವುದಿಲ್ಲ. ಆ ಖರ್ಚನ್ನೂ ವೃತ್ತಿಯ ಖರ್ಚಿನ ಸಾಲಿನಲ್ಲೇ ಬರೆದಿಡಬೇಕು.

ಸಾಲದ ವಿಷಯದಲ್ಲಿ ಒಂದು ಮಾತು. ಸಂಬಳದ ಚೀಟಿ ನೋಡಿ ಕೂಡಲೇ ಗೃಹಸಾಲ ಕೊಡುವ ಬ್ಯಾಂಕು, ಸ್ವಂತ ವೃತ್ತಿಯವನಿಂದ ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಆದಾಯ ತೆರಿಗೆ ವಿವರಣೆಗಳನ್ನು ಕೇಳುತ್ತದೆ. ಮನೆ ಕೊಳ್ಳುವ ಯೋಚನೆಯಿದ್ದರೆ ಅದು ರಾಜೀನಾಮೆಗೆ ಮೊದಲೇ ಮುಗಿದಿರಲಿ. ಕಂತು ಮಾತ್ರ ಮನೆಯ ಇನ್ನೊಬ್ಬರ ಸಂಬಳದಲ್ಲಿ ತೀರುವಷ್ಟಿರಲಿ. ವೃತ್ತಿಗಾಗಿ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಮೊದಲ ಬಾರಿ ಸಾಲ ಪಡೆಯುವವರಿಗೆ ಅಡಮಾನವಿಲ್ಲದೆ 10 ಲಕ್ಷದವರೆಗೆ ಸಾಲ ದೊರೆಯುತ್ತದೆ.

ತೆರಿಗೆಯನ್ನು ಇನ್ನು ಮುಂದೆ ಯಾರೂ ಸಂಬಳದಲ್ಲಿ ಹಿಡಿದುಕೊಡುವುದಿಲ್ಲ. ಗಿರಾಕಿ ಮುರಿದುಕೊಂಡುದು ಸಾಲದಿದ್ದಾಗ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ನೆಯ ತಾರೀಕಿನೊಳಗೆ ಮುಂಗಡ ತೆರಿಗೆ ಕಟ್ಟಬೇಕು. ಪ್ರತಿ ಬಿಲ್ಲಿನ ಹಣ ಬಂದ ದಿನವೇ ಅದರ ಒಂದು ಪಾಲನ್ನು ಬೇರೆ ಖಾತೆಗೆ ಹಾಕುವವರಿಗೆ ಮಾರ್ಚ್ ತಿಂಗಳಿನಲ್ಲಿ ನಿದ್ದೆ ಕೆಡುವುದಿಲ್ಲ.